ಭಾವನ ಜೋನಿಬೆಲ್ಲದ ರಾಕೆಟ್ಟು

ರಾಕೆಟ್ಟನ್ನು ದೋಸೆಗೆ ಹಾಕಿಕೊಳ್ಳುವ ನೀರುಬೆಲ್ಲದಿಂದ, ಅಂದರೆ ಜೋನಿಬೆಲ್ಲದಿಂದ, ಓಡಿಸಬಹುದು ಎಂದು ನಂಬಿದ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ. ನನ್ನ ಗ್ರಹಚಾರ, ಅವರು ನನ್ನ ಅಕ್ಕನ ಗಂಡ!

ಭಾವ ಹೊನ್ನಾಳಿಯಲ್ಲಿ ವಿಜ್ಞಾನದ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯಲ್ಲಿ ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಲೇಸರಿನ ವಿಷಯ ಓದಿದರು. ಅಂದಿನಿಂದ ನನ್ನ ಭಾನುವಾರಗಳು ಹಾಳಾದವು. ನ್ಯಾಮತಿಯಿಂದ ಬಸ್ಸಿನಲ್ಲಿ ನಿಂತೇ ಬಂದು ಇಳಿದವನಿಗೆ ಕಾಫಿಗೂ ಮೊದಲು ಪಾಠ.

“ನೋಡಯ್ಯಾ, ದ್ರವದ ಹನಿಗೆ ಲೇಸರ್ ಬೆಳಕು ಹೊಡೆದ್ರೆ ಹನಿ ಸಿಡೀತೈತೆ. ಅದು ಹಿಂದಕ್ಕೆ ಸಿಡಿದ್ರೆ ಗಾಡಿ ಮುಂದಕ್ಕೆ ಹೋಗ್ತೈತೆ. ಆಕಾಶದಾಗೆ ಬೆಂಕಿ ಹಚ್ಚೋ ಕೆಲ್ಸಾನೇ ಇಲ್ಲ!”

“ಲೇಸರ್ ಎಲ್ಲೈತೆ ಭಾವ?”

“ಸೂರ್ಯ ಇಲ್ವೇನು? ಭೂತಗನ್ನಡಿ ಇಲ್ವೇನು? ನೀನಿಲ್ವೇನು?”

ನಾನಿದ್ದೆ, ಅದೇ ತೊಂದರೆ! ಸಿಗರೇಟ್ ಪ್ಯಾಕಿನ ಬೇಗಡೆಯನ್ನು ಉಗುರಿನಷ್ಟು ಕತ್ತರಿಸಿ, ಅಕ್ಕನ ತಲೆಯಿಂದ ಒಂದು ಉದ್ದ ಕೂದಲು ಬೇಡಿ, ಸ್ಟೂಲಿಗೆ ಕಟ್ಟಿದ ಕೋಲಿನಿಂದ ನೇತುಹಾಕುತ್ತಿದ್ದರು. ಅದೇ ಗಗನನೌಕೆ. ಅದಕ್ಕೊಂದು ಹನಿ ಅಂಟಿಸಿ ಭೂತಗನ್ನಡಿ ಹಿಡಿಯುವುದು ಅವರು; ಬಿಸಿಲು ಸರಿದಂತೆಲ್ಲ ಸ್ಟೂಲು ಹೊತ್ತು ಅಂಗಳ ಸುತ್ತುವುದು ನಾನು. ನೀರು ಜಾರಿತು. ಸೀಮೆಎಣ್ಣೆ ಹೊತ್ತಿಕೊಂಡು ನನ್ನ ಪಂಚೆಯ ಅಂಚು ಹೋಯಿತು. ಕೊನೆಗೆ ಜೋನಿಬೆಲ್ಲ ಬಂತು, ಅದಾದರೆ ಅಂಟಿಕೊಂಡಿರುತ್ತದೆ. ಬಿಸಿಲು ಹೀರಲಿ ಎಂದು ಅದಕ್ಕೆ ಕಾಡಿಗೆ ಕಲಸಿದರು. ಹನಿ ಸಿಡಿಯುವ ಮೊದಲೇ ಇರುವೆಗಳು ಕೂದಲು ಹಿಡಿದು ಇಳಿದುಬಂದವು!

ಆ ಕರಿಬೆಲ್ಲದ ಡಬ್ಬಿ ಇರುತ್ತಿದ್ದುದು ಅಡುಗೆಮನೆಯಲ್ಲಿ. ಚನ್ನಗಿರಿಯ ಬೀಗರು ಬಂದ ದಿನ ಅಕ್ಕ ಅವಸರದಲ್ಲಿ ದೋಸೆಗೆ ಅದನ್ನೇ ಬಡಿಸಿಬಿಟ್ಟಳು. ಬೀಗರ ಹಲ್ಲು, ನಾಲಿಗೆ, ಬಿಳಿ ಮೀಸೆ, ಎಲ್ಲವೂ ಕರಿ! ಅಕ್ಕ ನಾಚಿಕೆಯಿಂದ ಒಳಗೆ ಓಡಿದರೆ, ಭಾವ ಅವಳ ಹಿಂದೆಯೇ ಹೋಗಿ ಗೋಳಾಡಿದರು: “ಇದ್ದ ಇಂಧನಾನೆಲ್ಲ ಬೀಗರಿಗೆ ಬಡಿಸಿಬಿಟ್ಯಲ್ಲೇ!”

ಬೆಳಕಿನ ಚುಕ್ಕೆಯನ್ನೇ ವರ್ಷಗಟ್ಟಲೆ ದಿಟ್ಟಿಸಿ ಭಾವನ ಕಣ್ಣು ಮಂಜಾಯಿತು. ಇದನ್ನು ಬಿಡದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆ ಎಂದರು ಶಿವಮೊಗ್ಗದ ಡಾಕ್ಟರು. ಅಕ್ಕ ಭೂತಗನ್ನಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಅಷ್ಟು ವರ್ಷಗಳಲ್ಲಿ ಬೇಗಡೆ ಒಮ್ಮೆಯೂ ಅಲುಗಿರಲಿಲ್ಲ. ಭಾನುವಾರ ವಾಪಸ್ಸು ಸಿಕ್ಕಿತೆಂದು ನಾನು ಖುಷಿಪಡಬೇಕಿತ್ತಲ್ಲವೇ? ಜಗುಲಿಯಲ್ಲಿ ಸುಮ್ಮನೆ ಕೂತ ಭಾವನನ್ನು ನೋಡುವುದು ಸ್ಟೂಲು ಹೊರುವುದಕ್ಕಿಂತ ಸುಸ್ತಿನ ಕೆಲಸವಾಗಿತ್ತು.

ಕೊನೆಗೆ ಸಹಿಸಲಾರದೆ ಹೋದವಳು ಅಕ್ಕನೇ. ಒಂದು ಮಧ್ಯಾಹ್ನ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಗಡೆ ನೇತುಹಾಕಿ ಕರಿಬೆಲ್ಲದ ಹನಿ ಅಂಟಿಸಿ, ಡಾಕ್ಟರು ಭಾವನಿಗೆ ಕೊಟ್ಟಿದ್ದ ಕಪ್ಪು ಕನ್ನಡಕವನ್ನು ತಾನೇ ಏರಿಸಿಕೊಂಡು, ಭೂತಗನ್ನಡಿ ಹಿಡಿದು ಅಂಗಳದಲ್ಲಿ ನಿಂತಳು.

“ಕಣ್ ಮುಚ್ಕಳ್ರಿ. ಬೇಗಡೆ ಹಿಂದ್ಗಡೆ ಬೆರಳಿಡ್ರಿ. ಕಣ್ ಬಿಟ್ರೆ ನೋಡ್ರಿ ಮತ್ತೆ!”

ಭಾವ ಕಣ್ಣು ಮುಚ್ಚಿ ಬೆರಳಿಟ್ಟರು. ಹನಿ ಹೊಗೆಯಾಡಿತು, ಚಟ್ಟೆಂದಿತು. ಕರಿಬೆಲ್ಲವೆಲ್ಲ ಅಕ್ಕನ ಮುಖದ ಮೇಲೆ! ಬೇಗಡೆ ಆಚೆಗೆ ತೂಗಿ ಭಾವನ ಬೆರಳಿಗೆ ತಾಗಿತು.

“ತಳ್ತು ಕಣೇ! ನಿಜವಾಗ್ಲೂ ತಳ್ತು!”

“ಇನ್ನೊಂದ್ಸಲ ಮಾಡ್ಲೇನ್ರಿ?”

ಮುಚ್ಚಿದ ರೆಪ್ಪೆಗಳಿಂದ ನೀರಿಳಿಯುತ್ತಿತ್ತು.

“ಬ್ಯಾಡ. ನಿನ್ ಕಣ್ಣಾದ್ರೂ ಚೆನ್ನಾಗಿರ್ಲಿ” ಎಂದು ಭಾವ ತಡಕಾಡಿ ಅವಳ ಕೈ ಹುಡುಕಿ, ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಳಿಸಿದರು.