ಜಸ್ಟಿನನ ಜೀಪು, ಮದುವಿ ಕೇಕು

ಜಸ್ಟಿನ ಖರೇನ ಛಲೊ ಹುಡುಗ. ಇದನ್ನ ಮೊದಲ ಹೇಳಿಬಿಡಬೇಕು, ಯಾಕಂದ್ರ ಮುಂದಿಂದು ಕೇಳಿದ ಮ್ಯಾಲ ಯಾರೂ ನಂಬಂಗಿಲ್ಲ. ಬೀದರದಾಗ ಒಂದು ದವಾಖಾನ್ಯಾಗ ನರ್ಸ್ ಕೆಲಸ, ಐತವಾರ ತಪ್ಪದ ಚರ್ಚು, ಗುಟಕಾ ಇಲ್ಲ, ಬೀಡಿ ಇಲ್ಲ. ಇದ್ದ ಚಟ ಒಂದ, ಜೀಪು. ಹಳೇ ಜೀಪು ತಂದು, ಸ್ಪ್ರಿಂಗಿನ ಪಾಟಾ ಬದಲಿ ಮಾಡಿಸಿ, ಒಂದು ಗೇಣು ಎತ್ತರ ಮಾಡಿಸಿದ. ಗುಡ್ಡ ಹತ್ತಬೇಕಂತ, ಹಳ್ಳ ಇಳೀಬೇಕಂತ. ಆದ್ರ ಐತವಾರಕ್ಕೊಮ್ಮೆ ಅದು ಹತ್ತತಿದ್ದಿದ್ದು ಚರ್ಚಿನ ಮುಂದಿನ ಉಬ್ಬು ಅಷ್ಟ.

ಗಾಡಿ ಎತ್ತರ ಆಯ್ತು ಖರೆ, ಅದರ ಜೋಡಿ ಅತ್ತೀನೂ ಎತ್ತರ ಆಗಬೇಕಲ್ಲ! ಅವನ ಅತ್ತಿ ರೂತಮ್ಮ, ಭಾಲ್ಕಿಯಾಕಿ, ರಿಟಾಯರ್ ಆದ ಹೆಡ್ ನರ್ಸು. ದೇವರು ಕೈ ಬಿಚ್ಚಿ ಮಾಡಿದ ಶರೀರ. (ಆಕಿ ಸೂಜಿ ಹಿಡಕೊಂಡು ಬಂದ್ರ ಮೀಸಿ ಇದ್ದ ಗಂಡಸರು ಹಾಸಿಗಿ ಬಿಟ್ಟು ಓಡ್ತಿದ್ರು, ಇರಲಿ, ಅದು ಬ್ಯಾರೆ ಕಥಿ.) ಆಕಿಗಿ ಹತ್ತಲಿಕ್ಕಂತ ಜಸ್ಟಿನನ ಹೆಂಡತಿ ಜೆಮಿಮಾ ಅಡಗಿ ಮನಿ ಸ್ಟೂಲ್ ತಂದು ಜೀಪಿನ ಹಿಂದ ಹಗ್ಗ ಹಾಕಿ ಕಟ್ಟಿದಳು.

"ಇಂಥಾ ಗಾಡಿಗಿ ಸ್ಟೂಲ್ ಕಟ್ತಾರೇನ? ದೋಸ್ತರು ನೋಡಿದ್ರ ನಗ್ತಾರ!"

"ನಿಮ್ಮ ದೋಸ್ತರು ಬಂದು ನಮ್ಮವ್ವನ್ನ ಎತ್ತಿ ಕೂಡಸ್ತಾರೇನ್ರಿ? ಹಂಗಿದ್ರ ಈಗ ಬಿಚ್ತೇನಿ."

ಜಸ್ಟಿನ ಹಗ್ಗದ ಗಂಟು ತಾನೇ ಬಿಗಿ ಮಾಡಿದ.

ಆಮ್ಯಾಲ ಶುರು ಆಯ್ತು ಶಾಕ್ ಅಬ್ಸಾರ್ಬರಿನ ಪುರಾಣ. ಮೆಕ್ಯಾನಿಕ್ ಅಬ್ದುಲ ಮಜೀದ ಜೀಪಿನ ಕೆಳಗ ಹೊಕ್ಕು ಹೊರಗ ಬಂದ. ಅವನೂ ಜಸ್ಟಿನನಂಗೇ ಜೀಪಿನ ಹುಚ್ಚ. "ಗಾಡಿ ಬೆಳೀತು ಭಾಯಿ, ಶಾಕ್ ಬೆಳೀಲಿಲ್ಲ. ಹ್ವಾದ ವರ್ಷದ ಅಂಗಿ ಹಾಕ್ಕೊಂಡ ಪೋರನಂಗ ಆಗ್ಯದ. ಗಾಲಿ ತಗ್ಗಿನ್ಯಾಗ ಇಳೀಬೇಕಂತದ, ಶಾಕ್ ಬಿಡವಲ್ದು, ಜಗ್ಗಿ ಹಿಡೀತದ."

"ಹಂಗಾದ್ರ ಉದ್ದಂದು ಹಾಕು."

"ಭಾಳ ಉದ್ದ ಹಾಕಿದ್ರ ಗಾಲಿ ಮ್ಯಾಲ ಏರಿದಾಗ ಕುತ್ತಿಗಿ ಹಿಸಕಿ ಸಾಯ್ತದ! ಗಾಲಿ ಎಷ್ಟು ಇಳೀತದ, ಎಷ್ಟು ಏರ್ತದ, ಅಳೀಬೇಕು."

ಜೆಮಿಮಾನ ಬ್ಲೌಸ್ ಅಳಿಯೋ ಟೇಪು ತಂದು ಇಬ್ಬರೂ ಅಳದ್ರು. ಅದೆಲ್ಲ ಬರೋಬರಿ ಅಳದ್ರು, ಸುಳ್ಳ್ಯಾಕ ಹೇಳಬೇಕು. ತಪ್ಪಿದ್ದು ಎಲ್ಲಿ ಅಂದ್ರ, ಹೈದರಾಬಾದಿನ ಅಂಗಡಿಯಂವ ಫೋನಿನ್ಯಾಗ ಕೇಳಿದ: "ಗಾಡ್ಯಾಗ ಯಾವಾಗ್ಲೂ ವಜನ ಎಷ್ಟಿರ್ತದ್ರಿ? ಅದರ ಮ್ಯಾಲ ಶಾಕ್ ಮೆತ್ತಂದು ಕೊಡಬೇಕೋ ಬಿರುಸಂದು ಕೊಡಬೇಕೋ ಹೇಳ್ತೇನಿ."

ಅವತ್ತು ಐತವಾರ, ಚರ್ಚಿನ್ಯಾಗ ಸುಗ್ಗಿ ಹಬ್ಬ. ಮಂದಿ ಹೊಲದಾಗಿನ ಮೊದಲ ಬೆಳಿ ತಂದು ದೇವರ ಮುಂದ ಇಡ್ತಾರ, ಆರಾಧನಿ ಮುಗದ ಮ್ಯಾಲ ಹರಾಜು. ರೂತಮ್ಮ ಹರಾಜಿನ್ಯಾಗ ಸೋಲೋ ಹೆಣ್ಣುಮಗಳೇ ಅಲ್ಲ. ಕುಂಬಳಕಾಯಿ ಬುಟ್ಟಿ ಆಕೀದು, ತೊಗರಿ ಚೀಲ ಆಕೀದು, ಕಬ್ಬಿನ ಕಟ್ಟು ಆಕೀದು, ಎರಡು ಹುಂಜ ಸೈತ ಆಕೀವೇ. ಅದೆಲ್ಲಾ ಜೀಪಿನ್ಯಾಗ, ಅದರ ನಡುವ ರೂತಮ್ಮ, ರೂತಮ್ಮನ ಬಾಜೂಕ ಆಕಿ ಗೆಳತಿ ಕಸ್ತೂರಿಬಾಯಿ. (ಇಬ್ಬರೂ ಒಂದು ಬಾಕಿನ ಮ್ಯಾಲ ಕೂತ್ರ ಮೂರನೇದಾಕಿ ನಿಂತೇ ಪ್ರಾರ್ಥನಿ ಮಾಡಬೇಕು.) ಜಸ್ಟಿನಗ ತಾಳ್ಮಿ ಎಲ್ಲಿಂದು? ಬಗ್ಗಿ ನೋಡಿದ, ಎಷ್ಟು ತಗ್ಗ್ಯದ ಅಂತ ಅಳದ, ಹಿಂದಿನ ವಜನ ಅಂದಾಜು ಹಿಡದು ಅಂಗಡಿಯಂವಗ ಹೇಳೇಬಿಟ್ಟ. "ಯಾವಾಗ್ಲೂ ಇಷ್ಟೇ ಇರ್ತದ್ರಿ!"

ಶಾಕ್ ಬಂದ್ವು. ಹಳದಿ ಬಣ್ಣ, ಫಳಫಳ. ಜಸ್ಟಿನ ಊರೆಲ್ಲಾ ಹೇಳಿದ, "ಈಗ ನಮ್ಮ ಗಾಡ್ಯಾಗ ಚಾ ಕಪ್ಪು ಇಟ್ಟು ಔರಾದ ತನಕ ಹೋದ್ರೂ ಒಂದು ಹನಿ ಚೆಲ್ಲಂಗಿಲ್ಲ!"

ಜೆಮಿಮಾ ರೊಟ್ಟಿ ಬಡಿಯೋದು ನಿಲ್ಲಿಸಿದಳು. "ಚಾ ಬ್ಯಾಡ್ರಿ. ನಮ್ಮ ಕಾಕಾನ ಮಗಳು ರೆಬೆಕ್ಕಾನ ಮದುವಿ ಔರಾದದಾಗೇ ಅದ. ಮೂರು ಅಂತಸ್ತಿನ ಕೇಕು ಬೀದರದಿಂದ ಒಯ್ಯಬೇಕು. ನೀವೇ ಒಯ್ರಿ. ಒಡೀಲಾರ್ದಂಗ ಮುಟ್ಟಿತು, ಆ ಗಾಡಿ ಬಗ್ಗೆ ನಾ ಮತ್ತ ಬಾಯಿ ಬಿಚ್ಚಂಗಿಲ್ಲ. ಒಡೀತು, ಗಾಡಿ ಮಾರಬೇಕು. ಮ್ಯಾಗ ಒಂದು ಮಾತು ಆಡಬಾರ್ದು."

ಗಂಡಸು ಮಾತು ಕೊಟ್ಟುಬಿಟ್ಟ.

ಮದುವಿ ದಿನ ಮುಂಜಾನಿ ಬೀಗರೆಲ್ಲಾ ಟೆಂಪೋದಾಗ. ಜಸ್ಟಿನ ಬೇಕಂತಲೇ ಅತ್ತೀನ್ನೂ ಅದರಾಗ ಕೂಡಿಸಿದ. ಸ್ಟೂಲ್ ಬಿಚ್ಚಿ ಮನ್ಯಾಗ ಇಟ್ಟ. ಸಾಮಾನು ಒಂದೂ ಇಲ್ಲ, ಜೀಪೆಲ್ಲಾ ಖಾಲಿ. ಹಿಂದ ಕಟ್ಟಿಗಿ ಪೆಟ್ಟಿಗ್ಯಾಗ ಕೇಕು, ಬೆಳ್ಳಗ, ಮದುಮಗಳಂಗ ನಿಂತಿತ್ತು. ಅದರ ತಲಿ ಮ್ಯಾಲ ಸಕ್ಕರಿ ಗಂಡ, ಸಕ್ಕರಿ ಹೆಂಡತಿ.

ಊರು ದಾಟಿ ಮೊದಲನೇ ತಗ್ಗು. ಧಡ್!

ಜೀಪು ನೆಗೀತು. ಬಿರುಸು ಶಾಕ್ ಖಾಲಿ ಗಾಡಿನ ಎಮ್ಮಿ ಒದ್ದಂಗ ಒದೀತು. ಜಸ್ಟಿನ ತಿರುಗಿ ನೋಡಿದ: ಕೇಕು ನಡಗ್ಲಿಕತ್ತದ. ಎರಡನೇ ತಗ್ಗು, ಧಡ್! ಸಕ್ಕರಿ ಗಂಡ ಒಂದು ಕಡಿ ವಾಲಿದ. ಮುಂದ ರಸ್ತಾ ಕಿತ್ತು ಹಾಕ್ಯಾರ, ಬರೇ ಖಡಿ ಕಲ್ಲು. ಇದೇ ಚಾಲಿನ್ಯಾಗ ಹೋದ್ರ ಔರಾದಕ್ಕ ಮುಟ್ಟೋದು ಕೇಕಲ್ಲ, ಉಪ್ಪಿಟ್ಟು. ಸಾವಕಾಶ ಹೋದ್ರ ಮದುವಿನೇ ಮುಗದು ಹೋಗ್ತದ. ಸ್ಟೇರಿಂಗಿನ ಮ್ಯಾಲ ಹಣಿ ಇಟ್ಟು ಕೂತಾಗ ತಲ್ಯಾಗ ಮಿಂಚಿತು. ಸುಗ್ಗಿ ಹಬ್ಬ! ಕುಂಬಳಕಾಯಿ! ತೊಗರಿ ಚೀಲ! ಈ ಶಾಕ್ ಬಂದಿದ್ದು ಅಷ್ಟು ವಜನಕ್ಕ. ಅದಿಲ್ಲಂದ್ರ ಇವು ಮೆತ್ತಗಾಗಂಗಿಲ್ಲ.

ಕುಂಬಳಕಾಯಿ ಈಗ ಎಲ್ಲಿಂದ ತರಬೇಕು?

ಹಿಂದಿಂದ ಟೆಂಪೋ ಬಂತು. ಜಸ್ಟಿನ ರಸ್ತಾದ ನಡುವ ನಿಂತು ಎರಡೂ ಕೈ ಎತ್ತಿದ. ಕಿಡಕ್ಯಾಗ ಅತ್ತಿ ಮುಖ.

"ಏನಾತೋ ಅಳಿಯಾ? ಕೇಕು ಹ್ವಾತೇನ?"

"ಇಲ್ರಿ ಅತ್ತಿ. ನೀವು... ನೀವು ನನ್ನ ಜೋಡಿ ಬರ್ರಿ. ಕಸ್ತೂರಿಬಾಯಿಯವರೂ ಬರಲಿ."

"ಮುಂಜಾನಿ ಟೆಂಪೋದಾಗ ತುರಕಿದಿ, ಈಗ ಯಾಕ ಬೇಕಾದ್ವಿ?"

"ನಿಮ್ಮ ಆಶೀರ್ವಾದ ಬೇಕ್ರಿ."

"ಆಶೀರ್ವಾದ ಇಲ್ಲಿಂದೇ ಕೊಡ್ತೇನಿ, ನೀ ನಡಿ."

ಜಸ್ಟಿನ ಕಿಡಕಿ ಹತ್ರ ಬಾಯಿ ಇಟ್ಟು ಸಣ್ಣಗ ಅಂದ, "ಅತ್ತಿ, ವಜನ ಬೇಕ್ರಿ."

ಟೆಂಪೋದಾಗಿನವರೆಲ್ಲಾ ಕಿಡಕಿ ಕಡಿ ಬಗ್ಗಿದ್ರು. ರೂತಮ್ಮ ಅಳಿಯನ್ನ ಒಂದು ನಮೂನಿ ನೋಡಿದಳು, ಸೂಜಿ ಚುಚ್ಚೋದಕ್ಕ ಮೊದಲು ನೋಡ್ತಿದ್ದಳಲ್ಲ, ಹಂಗ. ಆಮ್ಯಾಲ ಬಿದ್ದು ಬಿದ್ದು ನಕ್ಕಳು. "ಕಸ್ತೂರಿ, ಏಳ! ಜನ್ಮದಾಗ ಮೊದಲನೇ ಸರತಿ ನಮ್ಮ ಮೈ ಯಾರೋ ಕೇಳ್ಯಾರ!"

ಸ್ಟೂಲ್ ಇಲ್ಲ. ರಸ್ತಾ ಬಾಜೂಕ ನಾಲಾದ ಕಟ್ಟಿ ಹತ್ತಿಸಿ, ಅದಕ್ಕ ಜೀಪು ತಾಗಿಸಿ, ಇಬ್ಬರ್ನೂ ಒಳಗ ಇಳಿಸಿದ್ರು. ಜೀಪು "ಹುಸ್ಸ್" ಅಂತ ತಗ್ಗೀತು. ಖಡಿ ರಸ್ತಾ ಬಂತು. ಗಾಲಿ ಇಳದ್ವು, ಏರಿದ್ವು, ಕೇಕು ಮಾತ್ರ ತೊಟ್ಟಿಲದಾಗ ಮಲಗಿದ ಕೂಸಿನಂಗ. ಹಿಂದ ಇಬ್ಬರೂ ಕೀರ್ತನಿ ಶುರು ಮಾಡಿದ್ರು. ರೂತಮ್ಮ ತೊಗರಿ ಹೊಲದ ಮ್ಯಾಲಿಂದ ದೂರದ ತನಕ ನೋಡಿ, "ಅಯ್ಯ, ಇಲ್ಲಿಂದ ಲಾರಿಯವರ ತಲಿ ಸೈತ ಕೆಳಗ ಕಾಣ್ತಾವ!" ಅಂತ ಖುಷಿ ಪಟ್ಟಳು.

ಔರಾದ ಚರ್ಚಿನ ಗೇಟು. ಬಾಜಾ, ಪನ್ನೀರು, ಬೀಗರು. ಕೇಕಿನ ಮ್ಯಾಲ ಒಂದು ಗೀರಿಲ್ಲ. ಟೆಂಪೋ ಮೊದಲೇ ಮುಟ್ಟಿತ್ತು. ದೂರ ಬಾಗಲದಾಗ ಜೆಮಿಮಾ ಕೈ ಕಟ್ಟಿ ನಿಂತಿದ್ದಳು. ಜಸ್ಟಿನನ ಎದಿ ಉಬ್ಬೀತು. ಇಷ್ಟು ದೊಡ್ಡ ಗೆಲುವು, ಅದರಾಗ ಹಿಂದ ಇಬ್ಬರು ಮುದುಕೇರು ಕೂತಿದ್ದು ಛಂದ ಕಾಣ್ತದೇನ?

"ಅತ್ತಿ, ಇಲ್ಲೇ ಇಳೀರಿ. ನಿಮಗ ಮರ್ಯಾದಿಲಿಂದ ಕರೀಲಿಕ್ಕ ನಿಂತಾರ."

"ಬಾಗಲ ತನಕ ಬರ್ತೇವಲ್ಲೋ."

"ಬ್ಯಾಡ್ರಿ. ಇನ್ನೇನದ, ನಾಲ್ಕು ಹೆಜ್ಜಿ. ನಾ ಒಬ್ಬನೇ ತರ್ತೇನಿ."

ಇಬ್ಬರೂ ಕುರ್ಚಿ ತರಿಸಿ ಇಳದ್ರು. ಜೀಪು ಮತ್ತ ಎದ್ದು ನಿಂತಿತು. ಜಸ್ಟಿನ ಒಂದು ಕೈಲೆ ಸ್ಟೇರಿಂಗು, ಇನ್ನೊಂದು ಕೈ ಎಲ್ಲರಿಗೂ ಬೀಸ್ತಾ ನಡದ. ಬಾಗಲದ ಮುಂದ ಬೀದರ ಚರ್ಚಿನಂಗೇ ಒಂದು ಉಬ್ಬು ಹಾಕ್ಯಾರ.

ಧಡ್!

ಮ್ಯಾಲಿನ ಅಂತಸ್ತು ಹಾರಿ ಬಂದು ಜಸ್ಟಿನನ ಕುತ್ತಿಗಿ ಹಿಂದ ಕೂತಿತು. ಸಕ್ಕರಿ ಹೆಂಡತಿ ಅವನ ಹೆಗಲ ಮ್ಯಾಲ. ಸಕ್ಕರಿ ಗಂಡ ಸಿಗಲೇ ಇಲ್ಲ. ಬಾಜಾದವರು ಸೈತ ನಿಲ್ಲಿಸಿದ್ರು.

ಜೆಮಿಮಾ ಬಂದು ಅವನ ಕಾಲರಿನ ಮ್ಯಾಲಿಂದ ಒಂದು ಬೆರಳು ಕ್ರೀಮು ತಗೊಂಡು ನೆಕ್ಕಿದಳು. "ಛಲೊ ಅದ. ಗಾಡಿ ನಾಳೆ ಮಾರ್ರಿ."

"ಮಾರೋದು ಬ್ಯಾಡ!" ಹಿಂದಿಂದ ರೂತಮ್ಮನ ಭಾಲ್ಕಿ ಹೆಡ್ ನರ್ಸಿನ ದನಿ. "ಉಳಿದ ಎರಡು ಅಂತಸ್ತು ರೆಬೆಕ್ಕಾಗ ಸಾಕು, ಒಡದ ಬಾಜೂ ಗ್ವಾಡಿ ಕಡಿ ತಿರುಗಿಸಿ ಇಡ್ರಿ. ಗಾಡಿದು ತಪ್ಪೇನಿಲ್ಲ. ನಾ ಇದ್ದಾಗ ಬರೋಬರಿ ನಡೀತು, ನಾ ಇಳದೆ, ಒದೀತು. ಇನ್ನ ಮುಂದ ಅದು ಎಲ್ಲಿಗಿ ಹೋದ್ರೂ ನಾ ಇರ್ತೇನಿ."

ಜಸ್ಟಿನಗ ಹೋದ ಜೀವ ಬಂತು. ಒಂದು ಗಳಿಗಿ ಬಿಟ್ಟು, ಆಕಿ ಅಂದಿದ್ದು ತಿಳದು, ಮತ್ತ ಹ್ವಾತು.

ಮುಂದಿನ ತಿಂಗಳ ಔರಾದ ಕಡಿ ಗುಡ್ಡದಾಗ ದೋಸ್ತರ ಜೀಪು ಎಲ್ಲಾ ಕೂಡಿದ್ವು. ಒಂದಕ್ಕಿಂತ ಒಂದು ಎತ್ತರ, ಮ್ಯಾಲ ಝಂಡಾ, ಮುಂದ ದೀಪ. ಜಸ್ಟಿನನ ಜೀಪಿನ ಹಿಂದ ಸ್ಟೂಲು. ಎಲ್ಲಾ ಗಾಡಿ ಕಲ್ಲಿನ ಮ್ಯಾಲ ಕಪ್ಪಿಯಂಗ ಜಿಗೀತಿದ್ರ, ಇವನದು ಒಂದೇ ಹಾವಿನಂಗ ಸರ ಸರ ಏರಿತು, ಕೀರ್ತನಿ ಜೋಡಿ.

ದೋಸ್ತರು ಓಡಿ ಬಂದ್ರು. "ಏ ಜಸ್ಟಿನ, ಕಮಾಲ್ ಅದಲ್ಲೋ! ಎಲ್ಲಿದು ಈ ಶಾಕ್?"

ಜಸ್ಟಿನ ಬಾಯಿ ತೆರೆಯೋದಕ್ಕ ಮೊದಲೇ ಹಿಂದಿನ ಸೀಟಿನಿಂದ ಪರದಾ ಸರಿಸಿ ರೂತಮ್ಮ ತನ್ನ ಎದಿ ತಟ್ಟಿಕೊಂಡು ಹೇಳಿದಳು:

"ಭಾಲ್ಕಿದಪ್ಪಾ."