ನಂಬರಿಲ್ಲದ ಚೀಟಿ ನಂಬಬ್ಯಾಡ್ರಿ

೧೯೭೯, ಯುಗಾದಿಯ ಮರುದಿನ. ನನ್ನ ಡೈರಿಯಲ್ಲಿ ಹೀಗಿದೆ: ‘ಇಂದಿನಿಂದ ನಂಬರಿಲ್ಲದ ಚೀಟಿಯನ್ನು ಈ ಮನೆಯಲ್ಲಿ ಯಾರೂ ನಂಬತಕ್ಕದ್ದಲ್ಲ.’ ಬೇರೆ ಮನೆಗಳಲ್ಲಿ ಚೀಟಿಯಿಂದ ಫಜೀತಿ ವರ್ಷಕ್ಕೊಂದು ಆಗುತ್ತದಂತೆ. ನಮ್ಮಲ್ಲಿ ಬಸ್ಸಿಗೊಂದು ಆಗುತ್ತಿತ್ತು.

ರಾಯಚೂರಿನಲ್ಲಿ ನಾವು, ಮಾನ್ವಿಯಲ್ಲಿ ಮೈದುನ. ನಡುವೆ ಬಸ್ಸಿನಲ್ಲಿ ಚೀಟಿ ಹೊತ್ತು ತಿರುಗುವವರು ನನ್ನ ಸೋದರಮಾವ. ದಾರಿಯಲ್ಲಿ ಚೀಟಿ ಬಿಚ್ಚಿ ಓದಿ, ‘ಅಕ್ಷರ ಚಂದಿಲ್ಲ’ ಎಂದು ದುಂಡಗೆ ನಕಲು ಮಾಡಿ, ತಮಗೆ ಸರಿಕಂಡಂತೆ ತಿದ್ದಿ ತಲುಪಿಸುವುದು ಅವರ ಹಕ್ಕು. ಬಿ.ಎಸ್ಸಿ. ಗಣಿತ ಓದಿದ ನಾನು ಸುಮ್ಮನಿರುತ್ತೇನೆಯೇ? ಪ್ರತಿ ಅಕ್ಷರಕ್ಕೂ ಒಂದು ಬೆಲೆ ಕೊಟ್ಟು, ಪಟ್ಟಿಯನ್ನು ಮನೆಮಂದಿಗೆಲ್ಲ ಹಂಚಿದೆ. ಚೀಟಿಯ ಅಕ್ಷರಗಳ ಬೆಲೆ ಕೂಡಿಸಿ, ಮೊತ್ತದ ಕೊನೆಯ ಎರಡು ಅಂಕಿಯನ್ನು ಅಂಗಡಿಯ ಫೋನಿನಲ್ಲಿ ಹೇಳುವುದು. ಚೀಟಿ ತಲುಪಿದವರು ತಾವೂ ಕೂಡಿಸಿ ತಾಳೆ ನೋಡುವುದು. ತಿದ್ದಿದ್ದರೆ ನಂಬರು ಹೊಂದದು. ಆ ಫೋನಿನ ಗರಗರದಲ್ಲಿ ಎರಡು ಅಂಕಿಗಿಂತ ಹೆಚ್ಚು ಕೇಳಿಸುತ್ತಲೂ ಇರಲಿಲ್ಲ.

ಬೆಲ್ಲ

ಮೈದುನನಿಗೆ ಬರೆದೆ: ‘ಹತ್ತು ಸೇರು ಜೋಳ, ಎರಡು ಸೇರು ಬೆಲ್ಲ ತಾ.’ ಅವನು ತಂದದ್ದು ಎರಡು ಸೇರು ಜೋಳ, ಹತ್ತು ಸೇರು ಬೆಲ್ಲ. ಬೈದರೆ, “ಅತ್ತಿಗೀ, ನಿಮ್ಮ ನಂಬರ್ ಬರೋಬ್ಬರಿ ಹೊಂದ್ತಲ್ರೀ!” ಎಂದ. ಹೊಂದದೆ ಏನು? ಸಿಹಿಬಾಯಿಯ ಮಾವ ಒಂದಕ್ಷರವನ್ನೂ ಹೆಚ್ಚುಕಡಿಮೆ ಮಾಡಿರಲಿಲ್ಲ. ‘ಹತ್ತು’, ‘ಎರಡು’ಗಳ ಜಾಗ ಅದಲುಬದಲು ಮಾಡಿದ್ದರು, ಅಷ್ಟೆ. ಅಂದಿನಿಂದ, ಅಕ್ಷರ ಎಷ್ಟನೆಯದೋ ಅದರಿಂದ ಅದರ ಬೆಲೆಯನ್ನು ಗುಣಿಸಿ ಕೂಡಿಸಬೇಕೆಂದು ಕಾಯ್ದೆ ಮಾಡಿದೆ. ಮಾವ ಬೆಲ್ಲ ಚಪ್ಪರಿಸುತ್ತ ಬೆನ್ನು ತಟ್ಟಿದರು: “ನಾ ಇಲ್ಲಾಂದ್ರ ನಿನಗ ಇದೆಲ್ಲಿ ಹೊಳೀತಿತ್ತು ಬೇ?”

ಎಮ್ಮೆ

ಕಾಳಿನ ಕೋಣೆಯ ಕೀಲಿಕೈ ಬೇಕಾದವರು ತಮ್ಮ ಗುಟ್ಟಿನ ಮಾತು ಹೇಳಬೇಕು. ಮಾತನ್ನೇ ಬರೆದಿಟ್ಟರೆ ಯಾರಾದರೂ ಓದಿಯಾರೆಂದು ನಾನು ಅದರ ನಂಬರನ್ನಷ್ಟೇ ಇಟ್ಟುಕೊಂಡಿದ್ದೆ. ಹೆಂಡತಿಯೊಡನೆ ಊರಿಂದ ಬಂದಿದ್ದ ಮೈದುನ ತನ್ನ ಮಾತು ಮರೆತ.

“ನಂಬರ್ ನಿಮ್ಮ ಕಡಿ ಅದಲ್ರೀ, ಅದರಾಗಿಂದ ಮಾತು ತಗೀರಿ.”

“ಕುಟ್ಟಿದ ಖಾರಪುಡ್ಯಾಗಿಂದ ಇಡೀ ಮೆಣಸಿನಕಾಯಿ ತಗೀತಿಯೇನೋ?”

ಹೊಸ್ತಿಲಲ್ಲಿ ನಿಂತು ಹೆಂಡತಿಯ ಹೆಸರು ಹೇಳಿದ. ಹೊಂದಲಿಲ್ಲ. ಅವ್ವನ ಹೆಸರು, ಮಗಳ ಹೆಸರು; ಇಲ್ಲ. ಕೊನೆಗೆ ಮೆಲ್ಲಗೆ “ಚಂದ್ರಿ” ಎಂದ. ಹೊಂದಿತು.

“ಯಾರು ಅಕಿ?” ಪಕ್ಕದಲ್ಲೇ ಇದ್ದ ಅವನ ಹೆಂಡತಿ ಕೇಳಿದಳು.

“ಎಮ್ಮಿ! ಅತ್ತಿಗಿ ಮನಿ ಎಮ್ಮಿ!”

ಆಣೆ ಮಾಡಿದರೂ ಕೇಳದೆ ಆಕೆ ಕೊಟ್ಟಿಗೆಗೆ ಹೋಗಿ “ಚಂದ್ರೀ” ಎಂದು ಕೂಗಿದಳು. ದಿನಾ ಓಗೊಡುತ್ತಿದ್ದ ಎಮ್ಮೆ ಅವತ್ತೇ ತಿರುಗಿ ನೋಡಬಾರದೇ!

ಹೋಳಿಗೆ

ಮಗಳನ್ನು ನೋಡಲು ಮಾನ್ವಿಯವರು ಬರುವವರಿದ್ದರು. ಹುಡುಗ ದೇವದುರ್ಗದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನ ಫೋಟೋ ಕಂಡ ಮೇಲೆ ಮಗಳು ಬೇರೆ ವರನ ಮಾತೇ ಎತ್ತಗೊಟ್ಟಿರಲಿಲ್ಲ. ಒಂದೇ ಅಂಜಿಕೆ: ಹುಡುಗನ ತಾಯಿಗೆ ಆಡಂಬರ ಆಗದು, ಅದೊಂದಕ್ಕೇ ಹಿಂದಿನ ಸಂಬಂಧ ಬಿಟ್ಟಿದ್ದರಂತೆ. ಮೈದುನನ ಚೀಟಿ ಬಂತು: ‘ಸೋಮವಾರ ಐವತ್ತು ಮಂದಿ ಬರ್ತಾರ. ಹೋಳಿಗಿ ಮಾಡಸ್ರಿ.’ ಎರಡೆರಡು ಸಲ ತಾಳೆ ನೋಡಿದೆ. ನಂಬರು ಹೊಂದಿತು.

ಬಂದವರು ಐದೇ ಮಂದಿ. ಪಡಸಾಲೆಯ ತುಂಬ ಹೋಳಿಗೆ. ಹುಡುಗನ ತಾಯಿಯ ಮುಖ ಬಿಗಿಯಿತು.

“ಸಾದಾ ಅಡಿಗಿ ಸಾಕಂತ ಹೇಳಿ ಕಳಿಸಿದ್ವಿ. ಇದೇನ್ರೀ, ನಿಮ್ಮ ದೊಡ್ಡಸ್ತಿಕಿ ತೋರಸಾಕ ಕರದೀರೇನು?”

ಬಾಗಿಲ ಮರೆಯಲ್ಲಿ ಮಗಳ ಕಣ್ಣು ತುಂಬಿತು. ನಾನು ಮಾವನ ಕಡೆ ತಿರುಗಿದೆ.

“ನಿನ್ನ ಮೈದುನ ಫೋನಿನ್ಯಾಗ ನಂಬರ್ ಒದರಿದ್ರ ಇಡೀ ಮಾನ್ವಿಗೆ ಕೇಳಸ್ತದವ್ವಾ,” ಎಂದರು ಮಾವ. “ಬಸ್ಸಿನ್ಯಾಗ ಕುಂತು ಕೂಡಸ್ಕೋತ ಬಂದೆ. ನಲವತ್ತು ಮಂದಿ ಬರದೆ, ಹೊಂದ್ಲಿಲ್ಲ. ಅರವತ್ತು ಬರದೆ, ಹೊಂದ್ಲಿಲ್ಲ. ಐವತ್ತು ಬರದು ‘ಮಾಡ್ರಿ’ ಬದಲಿಗೆ ‘ಮಾಡಸ್ರಿ’ ಅಂತ ಹಾಕಿದ್ನಿ ನೋಡು, ಬಸ್ಸು ಕಲ್ಮಲ ಊರಿಗೆ ಬರೂದ್ರಾಗ ಹೊಂದೇಬಿಡ್ತು!”

ಹುಡುಗ ಫಕ್ಕನೆ ನಕ್ಕ. “ಎರಡು ಅಂಕಿ ಅಂದ್ರ ಇರೋದೇ ನೂರು ನಂಬರ್ರೀ. ಬರಿಯೋ ಮಾತಿಗೆ ಮಿತಿ ಇಲ್ಲ. ಕುಂತು ಹುಡುಕಿದ್ರ ಒಂದಿಲ್ಲೊಂದು ಹೊಂದೇ ಹೊಂದ್ತದ. ಆರು ಅಂಕಿ ಇಡಬೇಕಿತ್ರೀ.”

“ನಾ ಅದನ್ನ ಹೇಳಿದ್ದೆ! ಯವ್ವ ಕೇಳ್ಲಿಲ್ಲ!” ಮಗಳು ಮರೆ ಬಿಟ್ಟು ಪಡಸಾಲೆಯ ನಡುವೆ ಬಂದು ನಿಂತಿದ್ದಳು.

ಹುಡುಗ ಅವಳನ್ನು ನೋಡಿದ. ಅವಳು ನೆಲ ನೋಡಲಿಲ್ಲ. ಅವನ ತಾಯಿ ಇಬ್ಬರನ್ನೂ ನೋಡಿ, ಹೋಳಿಗೆಯ ತಟ್ಟೆ ಹತ್ತಿರ ಎಳೆದುಕೊಂಡರು: “ತುಪ್ಪ ಹಾಕ್ರಿ.”

ಅಂದಿನ ಡೈರಿಯಲ್ಲಿ ಖರ್ಚು ಹೀಗಿದೆ: ಕಡಲೆಬೇಳೆ ಎಂಟು ಸೇರು. ತುಪ್ಪ ಎರಡು ಸೇರು. ಬೆಲ್ಲ, ಮಾವ ತರಿಸಿದ್ದರಲ್ಲಿ ಉಳಿದದ್ದೆಲ್ಲ. ಮಗಳು ಒಬ್ಬಳು.