ನಲವತ್ತೇಳನೇ ಪ್ರಶ್ನೆಯ ಸರಿಯುತ್ತರ

ಶಿಕಾರಿಪುರ ತಾಲೂಕಿನಲ್ಲಿ ಕುರಿಗಳು ಸಾಯುವುದನ್ನು ಕಳೆದ ವರ್ಷದ ಜೂನ್ ಒಂದನೇ ತಾರೀಖಿನಿಂದ ಜಾರಿಗೆ ಬರುವಂತೆ ನಿಲ್ಲಿಸಲಾಗಿದೆ. ಈ ಬಗ್ಗೆ ಪಶುಗಣನಾ ನಿಗಮ ಹೊರಡಿಸಿದ ಆದೇಶಕ್ಕೆ ಮೂಲ, ನಿಗಮದ ಗುಮಾಸ್ತರ ನೇಮಕಾತಿ ಪರೀಕ್ಷೆಯ ನಲವತ್ತೇಳನೇ ಪ್ರಶ್ನೆ.

ಆ ಪರೀಕ್ಷೆ ಬರೆದವರಲ್ಲಿ ಬಂದಳಿಕೆ ಕಡೆಯ ಹಟ್ಟಿಯ ಸುಷ್ಮಿತಾ ಒಬ್ಬಳು. ಅಪ್ಪ ದೊಡ್ಡಬೀರಪ್ಪ, ಅವ್ವ ಗುತ್ಯಮ್ಮ ಕುರಿ ಸಾಕಿ ಮಗಳನ್ನು ಬಿ.ಎಸ್ಸಿ. ಓದಿಸಿದ್ದರು. ಎರಡು ವರ್ಷದಿಂದ ಅವಳು ಕರೆದ ಪರೀಕ್ಷೆಗಳನ್ನೆಲ್ಲ ಬರೆಯುತ್ತಿದ್ದಳು. ತಾರ್ಕಿಕ ಸಾಮರ್ಥ್ಯದ ಪ್ರಶ್ನೆಗಳೆಂದರೆ ಅವಳಿಗೆ ಪ್ರಾಣ. ಕೊಟ್ಟ ಅಂಕಿಯಿಂದ ಎಷ್ಟು ಹೇಳಬಹುದೋ ಅಷ್ಟೇ ಹೇಳಬೇಕು, ಅಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ ಎಂದು ನಂಬಿಕೊಂಡಿದ್ದಳು. ವಯಸ್ಸು ಇಪ್ಪತ್ತನಾಲ್ಕು, ಇಂಥ ನಂಬಿಕೆ ಆ ವಯಸ್ಸಿನಲ್ಲಿ ಅಪರೂಪವೇನಲ್ಲ.

ಪ್ರಶ್ನೆ ಹೀಗಿತ್ತು: ‘ಪಶು ಆಸ್ಪತ್ರೆ ಇರುವ ಹನ್ನೆರಡು ಊರುಗಳಲ್ಲಿ ಕಳೆದ ವರ್ಷ ಮುನ್ನೂರ ನಲವತ್ತು ಕುರಿಗಳು ಸತ್ತ ವರದಿಯಾಗಿದೆ. ಆಸ್ಪತ್ರೆ ಇಲ್ಲದ ಅರವತ್ತು ಊರುಗಳಿಂದ ಒಂದು ಕುರಿಯೂ ಸತ್ತ ವರದಿ ಬಂದಿಲ್ಲ. ಸರಿಯಾದ ತೀರ್ಮಾನ ಯಾವುದು?’ ಮೊದಲ ಆಯ್ಕೆ, ‘ಆಸ್ಪತ್ರೆಯಿಂದ ಕುರಿಗಳು ಸಾಯುತ್ತವೆ.’ ಕೊನೆಯದು, ‘ಕೊಟ್ಟ ಅಂಕಿಅಂಶದಿಂದ ಖಚಿತವಾಗಿ ಏನೂ ಹೇಳಲಾಗದು.’ ಸುಷ್ಮಿತಾ ಕೊನೆಯದಕ್ಕೆ ಗುರುತು ಹಾಕಿ, ನಗುತ್ತಾ ಮುಂದಿನ ಪ್ರಶ್ನೆಗೆ ಹೋದಳು.

ನಿಗಮದ ಉತ್ತರಸೂಚಿ ಬಂತು. ಸರಿಯುತ್ತರ ಮೊದಲನೆಯದು ಎಂದಿತ್ತು. ಸುಷ್ಮಿತಾಗೆ ಒಂದೇ ಒಂದು ಅಂಕದಲ್ಲಿ ಕೆಲಸ ತಪ್ಪಿತ್ತು.

ಆಕ್ಷೇಪಣೆ ಸಲ್ಲಿಸಲು ಅವಳು ಬೆಳಗಿನ ಬಸ್ಸಿಗೆ ಶಿಕಾರಿಪುರಕ್ಕೆ ಬಂದಳು. ಪರೀಕ್ಷಾ ನಿಯಂತ್ರಕರಾದ ಚಂದ್ರಶೇಖರಪ್ಪನವರು ಎದುರಿನ ಕುರ್ಚಿ ತೋರಿಸಿ, ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಈ ಸೌಜನ್ಯವನ್ನು ಇಲ್ಲಿ ದಾಖಲಿಸುವುದು ಅಗತ್ಯ.

“ಸಾರ್, ಆಸ್ಪತ್ರೆ ಇಲ್ಲದ ಊರಲ್ಲೂ ಕುರಿ ಸಾಯ್ತವೆ. ಅಲ್ಲಿ ವರದಿ ಬರೆಯೋಕೆ ಡಾಕ್ಟ್ರಿಲ್ಲ, ಅಷ್ಟೇ.”

“ಸತ್ತಿದ್ದಕ್ಕೆ ದಾಖಲೆ ಐತೇನಮ್ಮ?”

“ದಾಖಲೆ ಬರೆಯೋರಿಲ್ಲ ಅಂತಾನೇ ಸಾರ್ ನಾನು ಹೇಳ್ತಿರೋದು.”

“ದಾಖಲೆ ಇಲ್ಲ ಅಂತ ನೀವೇ ಒಪ್ಕೊಂಡ್ರಲ್ಲ. ರಜನಿ, ಬರ್ಕೊಳ್ರೀ.”

ಗುಮಾಸ್ತೆ ರಜನಿ ಬರೆದುಕೊಂಡರು: ‘ಆಕ್ಷೇಪಣೆದಾರರು ಒಪ್ಪಿರುತ್ತಾರೆ.’

ಆದರೂ ನಿಯಮದಂತೆ ಮೂವರು ತಜ್ಞರ ಸಮಿತಿ ಕೂತಿತು. ಅರ್ಜಿ ಹಾಕಿದವರು ಸಾವಿರದೆಂಟುನೂರ ನಲವತ್ತೆರಡು ಮಂದಿ. ಆಕ್ಷೇಪಿಸಿದವಳು ಒಬ್ಬಳು. ಉಳಿದ ಸಾವಿರದೆಂಟುನೂರ ನಲವತ್ತೊಂದು ಮಂದಿ ಉತ್ತರವನ್ನು ಒಪ್ಪಿದ್ದಾರೆ ಎಂದು ಸಮಿತಿ ತೀರ್ಮಾನಿಸಿತು. ಅವರಲ್ಲಿ ಆರುನೂರು ಮಂದಿ ಪರೀಕ್ಷೆಗೇ ಬಂದಿರಲಿಲ್ಲ ಎಂದು ರಜನಿ ನೆನಪಿಸಿದರು. ಪ್ರಶ್ನೆಯನ್ನೇ ನೋಡದೆ ಒಪ್ಪಿದವರ ಅಭಿಪ್ರಾಯ ನಿಷ್ಪಕ್ಷಪಾತವಾಗಿರುತ್ತದೆಂದು ಸಮಿತಿ ಮೆಚ್ಚುಗೆ ವ್ಯಕ್ತಪಡಿಸಿತು.

ವಿಷಯ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಸಮಿತಿಯ ವರದಿ ಮೇಲಿನ ಕಚೇರಿಗೆ ಹೋಯಿತು. ‘ಆಸ್ಪತ್ರೆಯಿಂದ ಕುರಿಗಳು ಸಾಯುತ್ತವೆ ಎಂಬುದನ್ನು ತಜ್ಞರು ದೃಢಪಡಿಸಿದ್ದಾರೆ’ ಎಂಬ ಸಾಲಿನ ಪಕ್ಕದಲ್ಲಿ ಮೇಲಧಿಕಾರಿಗಳು ಹಸಿರು ಶಾಯಿಯಲ್ಲಿ ‘ಕೈಗೊಂಡ ಕ್ರಮವೇನು?’ ಎಂದು ಬರೆದು ಕಡತ ವಾಪಸು ಕಳಿಸಿದರು. ಕ್ರಮ ಏನೂ ಕೈಗೊಂಡಿರಲಿಲ್ಲ. ಆದ್ದರಿಂದ ತಾಲೂಕಿನ ಹನ್ನೆರಡೂ ಪಶು ಆಸ್ಪತ್ರೆಗಳನ್ನು ಮುಚ್ಚಲಾಯಿತು. ಹಟ್ಟಿಯ ಆಸ್ಪತ್ರೆಯ ಡಾಕ್ಟರ್ ತೀರ್ಥೇಶ್ ಅವರನ್ನು, ಹೆಚ್ಚಿನ ಸಾವುಗಳ ವೇಳೆ ಖುದ್ದು ಸ್ಥಳದಲ್ಲಿ ಹಾಜರಿದ್ದದ್ದು ಕಂಡುಬಂದ ಕಾರಣ, ಸೊರಬಕ್ಕೆ ವರ್ಗಾಯಿಸಲಾಯಿತು.

ಜೂನ್‌ನಲ್ಲಿ ಒಂದು ಸಾವೂ ವರದಿಯಾಗಲಿಲ್ಲ. ಜುಲೈನಲ್ಲೂ ಇಲ್ಲ. ನಿಗಮ ಸಿಹಿ ಹಂಚಿತು.

ಆಗಸ್ಟ್‌ನಲ್ಲಿ ದೊಡ್ಡಬೀರಪ್ಪನ ಕುರಿಗಳ ಬಾಯಿ ಬಾತುಕೊಂಡಿತು, ನಾಲಿಗೆ ನೀಲಿಯಾಯಿತು, ಮೇವು ಬಿಟ್ಟವು. ಫೋನಿನಲ್ಲಿ ಡಾಕ್ಟರ್ ತೀರ್ಥೇಶ್ ಹೇಳಿದ ಔಷಧಿ ತರಲು ಸುಷ್ಮಿತಾ ಸೊರಬಕ್ಕೆ ಹೋಗಿ ಬರುವಷ್ಟರಲ್ಲಿ ಒಂಬತ್ತು ಸತ್ತಿದ್ದವು. ವಾರ ಕಳೆಯುವಷ್ಟರಲ್ಲಿ ಅರವತ್ತೊಂದರಲ್ಲಿ ಇಪ್ಪತ್ತಮೂರು ಹೋದವು. ಗುತ್ಯಮ್ಮ ಒಂದೊಂದನ್ನೂ ಹೆಸರು ಹಿಡಿದು ಕರೆದು ಅತ್ತಳು.

ದೊಡ್ಡಬೀರಪ್ಪ ಸತ್ತ ಕುರಿಗಳ ಕಿವಿಗೆ ನಿಗಮ ಹಾಕಿದ್ದ ನಂಬರಿನ ಹಳದಿ ಓಲೆಗಳನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಮಗಳ ಜೊತೆ ನಿಗಮಕ್ಕೆ ಬಂದ. ರಜನಿ ಓಲೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು.

“ಇವು ಓಲೆ. ಕುರಿ ಎಲ್ಲಿ ಯಜಮಾನ್ರೇ?”

“ಸತ್ತು ಹೋದ್ವು ಕಣವ್ವಾ.”

“ನಿಮ್ಮ ಹಟ್ಟೀಲಿ ಆಸ್ಪತ್ರೆ ಐತಾ?”

“ನೀವೇ ಮುಚ್ಚಿಸಿದ್ರಲ್ಲ.”

“ಮತ್ತೆ ಸಾಯೋಕೆ ಹೆಂಗ್ ಸಾಧ್ಯ?” ರಜನಿಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕಳಕಳಿಯಿಂದ ಕೇಳಿದ್ದರು.

ಸುಷ್ಮಿತಾ ಮೇಜಿನ ಮುಂದಕ್ಕೆ ಬಂದಳು. “ಬಂದು ನೋಡ್ರೀ ಮೇಡಂ. ಗುಂಡಿ ತೋರಿಸ್ತೀನಿ, ಮಣ್ಣು ಇನ್ನೂ ಹಸಿ ಐತೆ. ಅಗೆದು ಎಣಿಸ್ಕೊಳ್ಳಿ.”

“ಗುಂಡಿ ಎಣಿಸೋ ಕಾಲಂ ನಮ್ಮಲ್ಲಿಲ್ಲಮ್ಮ,” ಎಂದರು ರಜನಿ. ಒಳಗೆ ಹೋಗಿ ಚಂದ್ರಶೇಖರಪ್ಪನವರನ್ನು ಕೇಳಿಕೊಂಡು ಬಂದು, ಇಪ್ಪತ್ತಮೂರನ್ನು ‘ಓಲೆ ಕಳಚಿಕೊಂಡು ಮೇಯಲು ಹೋದ ಕುರಿಗಳು’ ಎಂದು ನಮೂದಿಸಿ, ಅವು ಬದುಕಿರುವ ಬಗ್ಗೆ ಮೊಹರು ಒತ್ತಿದ ದೃಢೀಕರಣ ಪತ್ರ ಕೊಟ್ಟರು. ಓದಲು ಬಾರದ ದೊಡ್ಡಬೀರಪ್ಪ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದ.

“ಏನು ಬರ್ದಾರವ್ವಾ?”

“ಬದುಕ್ಯಾವಂತೆ, ಅಪ್ಪಾಜಿ.”

ಆತ ಪತ್ರವನ್ನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಅತ್ತ ಸೊರಬದಲ್ಲಿ ಅಸಮಾಧಾನ ಭುಗಿಲೆದ್ದಿತ್ತು. ಶಿಕಾರಿಪುರದಲ್ಲಿ ಸಾವು ಸೊನ್ನೆ, ತಮ್ಮಲ್ಲಿ ಮಾತ್ರ ತಿಂಗಳಿಗೆ ನಲವತ್ತು. ಇದು ಸೊರಬದ ಮೇಲಿನ ಮಲತಾಯಿ ಧೋರಣೆ ಎಂದು ಜಡೆ, ಹೊಸಬಾಳೆಯ ಮುಖಂಡರು ಬಸ್ ನಿಲ್ದಾಣದ ಎದುರು ಧರಣಿ ಕೂತರು. ‘ನಮ್ಮ ಆಸ್ಪತ್ರೆಯನ್ನೂ ಮುಚ್ಚಿ’ ಎಂಬ ಘೋಷಣೆಗೆ ಅಂಗಡಿಯವರು ಅರ್ಧ ದಿನ ಬಾಗಿಲು ಹಾಕಿ ಬೆಂಬಲ ಕೊಟ್ಟರು. ಹೋರಾಟಗಾರ ಪರಮಶಿವಪ್ಪ ಮೂರನೇ ದಿನ ಎಳನೀರು ಕುಡಿದು ಉಪವಾಸ ಮುಗಿಸಿದರು, ಬೇಡಿಕೆ ಈಡೇರಿತ್ತು. ಡಾಕ್ಟರ್ ತೀರ್ಥೇಶ್ ಅವರನ್ನು ಕುರಿಗಳೇ ಇಲ್ಲದ ಕರಾವಳಿಯ ಒಂದು ಕಚೇರಿಗೆ ಕಳಿಸಲಾಯಿತು.

ಡಿಸೆಂಬರ್‌ನಲ್ಲಿ ಕುರಿಗಣತಿ ಬಂತು. ಎಣಿಸಲು ಜನ ಸಾಲದೆ ನಿಗಮ ಮೂರು ತಿಂಗಳ ಗುತ್ತಿಗೆಗೆ ಪದವೀಧರರನ್ನು ಕರೆಯಿತು. ತನಗೆ ಬಂದ ಆದೇಶವನ್ನು ಸುಷ್ಮಿತಾ ಎರಡು ದಿನ ಮೇಜಿನ ಮೇಲೇ ಬಿಟ್ಟಿದ್ದಳು. ಮೂರನೇ ದಿನ ಗುತ್ಯಮ್ಮ, “ಹೋಗವ್ವಾ, ನೀನಾದ್ರೂ ಸರಿಯಾಗಿ ಎಣಿಸ್ತೀಯ,” ಎಂದಳು. ಆ ಮಾತಿಗೆ ಅವಳು ಹೊರಟಳು.

ಮೊದಲ ದಿನವೇ ಅವಳ ಪಾಲಿಗೆ ಬಂದದ್ದು ಸ್ವಂತ ಹಟ್ಟಿ, ಮೊದಲ ಮನೆ ಸ್ವಂತ ಮನೆ. ಕುರಿ ಕೂಡುವ ರೊಪ್ಪದ ಬೇಲಿಗೆ ಒರಗಿ, ಎರಡು ಸಲ ಎಣಿಸಿ, ನಿಗಮ ಕೊಟ್ಟ ಮೊಬೈಲಿನಲ್ಲಿ ಮೂವತ್ತೆಂಟು ಎಂದು ಒತ್ತಿದಳು.

‘ಹಿಂದಿನ ಸಂಖ್ಯೆ ಅರವತ್ತೊಂದು. ಕಡಿಮೆಯಾದದ್ದಕ್ಕೆ ಕಾರಣ ಆಯ್ದುಕೊಳ್ಳಿ’ ಎಂದಿತು ಮೊಬೈಲು. ಪಟ್ಟಿಯಲ್ಲಿ ಇದ್ದದ್ದು ಒಂದೇ ಕಾರಣ: ‘ಆಸ್ಪತ್ರೆ’. ಅದನ್ನು ಒತ್ತಿದಳು. ‘ಈ ಗ್ರಾಮದಲ್ಲಿ ಆಸ್ಪತ್ರೆ ಇರುವುದಿಲ್ಲ. ಸರಿಯಾದ ಮಾಹಿತಿ ನೀಡಿ’ ಎಂದು ಕೆಂಪಾಯಿತು. ಮತ್ತೆ ಮೂವತ್ತೆಂಟು ಒತ್ತಿದಳು, ಮತ್ತೆ ಕೆಂಪು. ಇನ್ನೂ ಎಪ್ಪತ್ತು ಮನೆ ಬಾಕಿಯಿದ್ದವು, ಬಿಸಿಲು ಏರುತ್ತಿತ್ತು. ಸುಷ್ಮಿತಾ ಒಮ್ಮೆ ರೊಪ್ಪದ ಕಡೆ ನೋಡಿ, ಅರವತ್ತೊಂದು ಎಂದು ಒತ್ತಿದಳು. ಮೊಬೈಲು ಹಸಿರಾಗಿ ಧನ್ಯವಾದ ಹೇಳಿತು.

ಯುಗಾದಿಗೆ ಮುಂಚೆ ನಿಗಮದ ಸಮಾರಂಭದಲ್ಲಿ, ಒಂದು ಕುರಿಯನ್ನೂ ಕಳೆದುಕೊಳ್ಳದ ಮಾದರಿ ಕುರಿಗಾಹಿ ಎಂದು ದೊಡ್ಡಬೀರಪ್ಪನಿಗೆ ಶಾಲು ಹೊದಿಸಿ ಫಲಕ ಕೊಟ್ಟರು. ಅಭಿನಂದನಾ ಪತ್ರ ಓದುವ ಕೆಲಸವನ್ನು ಸುಷ್ಮಿತಾಗೆ ವಹಿಸಲಾಗಿತ್ತು. ಎಲ್ಲೂ ತಡವರಿಸದೆ ಓದಿದಳು. ಅವಳ ಗುತ್ತಿಗೆಯನ್ನು ವೇದಿಕೆಯಲ್ಲೇ ಒಂದು ವರ್ಷಕ್ಕೆ ವಿಸ್ತರಿಸಿದರು. ಹಟ್ಟಿಯವರು ಟ್ರ್ಯಾಕ್ಟರಿನಲ್ಲಿ ಬಂದು ಚಪ್ಪಾಳೆ ತಟ್ಟಿದರು. ಗುಂಡಿ ತೋಡಲು ಕೈಜೋಡಿಸಿದ್ದವರೂ ಅವರಲ್ಲಿದ್ದರು.

ಆ ಸಂಜೆ ದೊಡ್ಡಬೀರಪ್ಪ ಶಾಲು ತೆಗೆಯದೆಯೇ ಕುರಿಗಳನ್ನು ರೊಪ್ಪಕ್ಕೆ ಕೂಡಿಸಿ ಎಣಿಸತೊಡಗಿದ. ಮೂವತ್ತೆಂಟನೆಯದು ಒಳಗೆ ಹೋಯಿತು. ಆತ ಗೇಟು ಹಾಕಲಿಲ್ಲ. ಖಾಲಿ ದಾರಿಯ ಕಡೆ ನೋಡಿದ. ಆಮೇಲೆ, “ಮೂವತ್ತೊಂಬತ್ತು,” ಎಂದ.

“ನಲವತ್ತು,” ಎಂದಳು ಗುತ್ಯಮ್ಮ, ಗೇಟನ್ನು ಇನ್ನಷ್ಟು ಅಗಲಕ್ಕೆ ತೆರೆದು ಹಿಡಿದು.